ಅಲ್ಮಾಟಿಗೆ ಐದು ದಿನ: ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಅಲ್ಮಾಟಿಗೆ ಎರಡು ಸಲ ಹೋಗಿಬಂದಿದ್ದೇನೆ, ಒಮ್ಮೆ ಅಕ್ಟೋಬರಿನಲ್ಲಿ, ಇನ್ನೊಮ್ಮೆ ಫೆಬ್ರವರಿಯಲ್ಲಿ. ಅಂದಿನಿಂದ ಮದುವೆಮನೆಯ ಪಂಕ್ತಿಯಲ್ಲಿ, ಆಫೀಸಿನ ಕಾಫಿ ಹೊತ್ತಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ್ದಷ್ಟನ್ನೇ ಓದಿಕೊಳ್ಳಬಹುದು.

## ಹೊರಡುವ ಮುಂಚೆ

ಅಲ್ಮಾಟಿ ಎಲ್ಲಿದೆ? ಬೆಟ್ಟ ನೋಡೋಕೆ ಅಷ್ಟು ದೂರ ಯಾಕೆ, ಮನಾಲಿ ಸಾಲದಾ?

ಕಜಕಸ್ತಾನದ ಅತಿ ದೊಡ್ಡ ಊರು. 1997ರವರೆಗೆ ಆ ದೇಶದ ರಾಜಧಾನಿಯೂ ಆಗಿತ್ತು. ಟಿಯನ್ ಶಾನ್ ಪರ್ವತಗಳ ಒಂದು ಸಾಲು ಊರಿನ ದಕ್ಷಿಣಕ್ಕೆ ಗೋಡೆ ಎಬ್ಬಿಸಿದ ಹಾಗೆ ನಿಂತಿದೆ; ಆ ಸಾಲಿನ ಅತಿ ಎತ್ತರದ ತಲ್ಗರ್ ಶಿಖರ 4,979 ಮೀಟರ್.

ಮನಾಲಿಯನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಹಿಮಾಲಯಕ್ಕೆ ಹಿಮಾಲಯವೇ ಸಾಟಿ. ಆದರೆ ಮನಾಲಿ ಬೆಟ್ಟದ ಮೇಲಿನ ಸಣ್ಣ ಊರು, ಅಲ್ಮಾಟಿ ಬೆಟ್ಟದ ಬುಡದ ದೊಡ್ಡ ನಗರ. ಮೆಟ್ರೊ ಇದೆ, ಒಪೆರಾ ಭವನ ಇದೆ, ಎರಡೂ ಕಡೆ ಮರ ತುಂಬಿದ ಅಗಲವಾದ ರಸ್ತೆಗಳಿವೆ. ಅದೇ ನಗರದ ಸಿಟಿ ಬಸ್ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿದರೆ ಹಿಮಬೆಟ್ಟದ ಕೇಬಲ್ ಕಾರ್ ಎದುರಿಗೇ ಸಿಗುತ್ತದೆ. ಬೆಳಿಗ್ಗೆ 3,200 ಮೀಟರ್ ಎತ್ತರದಲ್ಲಿ ಹಿಮ ತುಳಿದು ಸಂಜೆಗೆ ಬ್ಯಾಲೆ ನೋಡಲು ಕೂರಬಹುದು. ನಾಲ್ಕೈದು ದಿನದ ರಜೆಯಷ್ಟೇ ಇರುವವರಿಗೆ ಇದಕ್ಕಿಂತ ಅನುಕೂಲದ ಊರು ನಾನು ಕಂಡಿಲ್ಲ.

ವೀಸಾನೇ ಬೇಡ್ವಂತೆ, ನಿಜಾನಾ?

ನಿಜ. 2022ರ ಜುಲೈಯಿಂದ ಭಾರತೀಯ ಪಾಸ್‌ಪೋರ್ಟ್ ಇರುವವರು ವೀಸಾ ಇಲ್ಲದೆ ಒಂದು ಭೇಟಿಗೆ 14 ದಿನ ಇರಬಹುದು. 180 ದಿನಗಳ ಅವಧಿಯಲ್ಲಿ ಎಲ್ಲ ಭೇಟಿ ಸೇರಿ 42 ದಿನ ದಾಟಬಾರದು. ಕೆಲಸಕ್ಕಾಗಲಿ ಓದಿಗಾಗಲಿ ಈ ಅನುಕೂಲ ಅನ್ವಯಿಸುವುದಿಲ್ಲ. ಇಂಥ ನಿಯಮ ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ಕೊಳ್ಳುವ ದಿನ ದೆಹಲಿಯ ಕಜಕ್ ರಾಯಭಾರ ಕಚೇರಿಯ ಜಾಲತಾಣ ಒಮ್ಮೆ ನೋಡಿಬಿಡಿ.

ಬೆಂಗಳೂರಿಂದ ನೇರ ವಿಮಾನ ಇದ್ಯಾ?

ನಾನು ಎರಡು ಸಲವೂ ಒಂದು ಕಡೆ ಇಳಿದು ಹತ್ತಿಯೇ ಹೋದದ್ದು. ದೆಹಲಿಯ ಮೇಲೆ ಹೋಗುವುದು ಒಂದು ದಾರಿ, ಶಾರ್ಜಾ ಅಥವಾ ಅಬುಧಾಬಿಯ ಮೇಲೆ ಹೋಗುವುದು ಇನ್ನೊಂದು. ಭೂಪಟದಲ್ಲಿ ದೆಹಲಿ ದಾರಿಯೇ ಚಿಕ್ಕದು. ಆದರೆ ಅದು ಪಾಕಿಸ್ತಾನದ ಆಕಾಶವನ್ನು ನೆಚ್ಚಿಕೊಂಡ ದಾರಿ. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಆ ಆಕಾಶ ಮುಚ್ಚಿದಾಗ ಇಂಡಿಗೋ ತನ್ನ ದೆಹಲಿ–ಅಲ್ಮಾಟಿ ಹಾರಾಟ ನಿಲ್ಲಿಸಬೇಕಾಯಿತು. ಹಾಗಾಗಿ ದೆಹಲಿವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಅಂತ ಬಿಡಿಬಿಡಿಯಾಗಿ ಕೊಳ್ಳಬೇಡಿ. ಒಂದೇ ಬುಕಿಂಗ್‌ನಲ್ಲಿ ಇಡೀ ಪ್ರಯಾಣ ಇದ್ದರೆ, ನಡುವೆ ತಪ್ಪಿದರೂ ಮುಂದಿನದನ್ನು ಒದಗಿಸುವ ಹೊಣೆ ವಿಮಾನ ಕಂಪನಿಯದಾಗುತ್ತದೆ.

ಗಡಿಯಾರದ ತಲೆನೋವು ಇಲ್ಲ. 2024ರ ಮಾರ್ಚ್ 1ರಿಂದ ಇಡೀ ಕಜಕಸ್ತಾನಕ್ಕೆ ಒಂದೇ ಸಮಯ, ನಮಗಿಂತ ಅರ್ಧ ಗಂಟೆ ಹಿಂದೆ.

ಒಬ್ಬರಿಗೆ ಎಷ್ಟಾಗುತ್ತೆ? ಸುಮಾರಾಗಿ ಹೇಳಿ ಸಾಕು.

ಬೆಂಗಳೂರಿನಿಂದ ಐದು ದಿನಕ್ಕೆ, ಇಬ್ಬರು ಒಂದು ಕೋಣೆ ಹಂಚಿಕೊಂಡರೆ, ತಲೆಗೆ 65ರಿಂದ 80 ಸಾವಿರ ರೂಪಾಯಿ ಎತ್ತಿಡಿ. ಅದರಲ್ಲಿ ಅರ್ಧ ವಿಮಾನಕ್ಕೇ ಹೋಗುತ್ತದೆ. ಉಳಿತಾಯ ಮಾಡಬೇಕಾದ್ದೂ ಅಲ್ಲಿಯೇ: ಎರಡು ಮೂರು ತಿಂಗಳು ಮೊದಲೇ, ವಾರದ ನಡುವಿನ ದಿನಕ್ಕೆ ಟಿಕೆಟ್ ನೋಡಿ. ಊರಿನೊಳಗೆ ಸೇರಿದ ಮೇಲೆ ಖರ್ಚು ಹಗುರ. ಚೊಕ್ಕಟವಾದ ಕೋಣೆ ರಾತ್ರಿಗೆ ಮೂರರಿಂದ ಐದು ಸಾವಿರ ರೂಪಾಯಿಗೆ ಸಿಗುತ್ತದೆ, ಟ್ಯಾಕ್ಸಿ ನಮ್ಮ ಬೆಂಗಳೂರಿಗಿಂತ ದುಬಾರಿಯೇನಲ್ಲ. ಕೈ ಕಚ್ಚುವುದು ಎರಡೇ: ಹಿಮಬೆಟ್ಟದ ಕೇಬಲ್ ಕಾರ್, ಮತ್ತು ದೂರದ ಸರೋವರಗಳಿಗೆ ಸ್ವಂತ ಗಾಡಿ ಮಾಡಿಕೊಂಡು ಹೋಗುವುದು.

ಯಾವ ತಿಂಗಳು ಒಳ್ಳೇದು? ಮಕ್ಕಳಿಗೆ ಹಿಮ ತೋರಿಸಲೇಬೇಕು.

ಹಿಮವೇ ಮುಖ್ಯವಾದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಮಕ್ಕಳ ಶಾಲೆ ಬಿಡುವ ಏಪ್ರಿಲ್ ಮೊದಲ ವಾರಗಳಲ್ಲೂ ಬೆಟ್ಟದ ಮೇಲುಭಾಗದಲ್ಲಿ ಸಾಮಾನ್ಯವಾಗಿ ಹಿಮ ಉಳಿದಿರುತ್ತದೆ, ಕೆಳಗೆ ಊರಿನಲ್ಲಿ ಹೂ ಬಿಟ್ಟಿರುತ್ತದೆ. ಪುಟ್ಟ ಮಕ್ಕಳಿರುವವರಿಗೆ ನಾನು ಹೇಳುವುದು ಇದೇ ಹೊತ್ತು: ಹಿಮ ಆಡಿ ಕೆಳಗಿಳಿದರೆ ಚಳಿ ಬೆನ್ನು ಹತ್ತುವುದಿಲ್ಲ.

ಚಳಿಗಾಲದ ಬಗ್ಗೆ ಯಾರೂ ಮೊದಲೇ ಹೇಳದ ಒಂದು ವಿಷಯವಿದೆ. ಊರಿನ ಮನೆಗಳನ್ನು ಬೆಚ್ಚಗಿಡುವುದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಬೆಟ್ಟದ ಬುಡದಲ್ಲಿ ಗಾಳಿಯಾಡದೆ ಹೊಗೆ ಹಾಗೇ ನಿಲ್ಲುತ್ತದೆ. ಫೆಬ್ರವರಿಯಲ್ಲಿ ನಾನು ಮೇಲಿನಿಂದ ನೋಡಿದಾಗ ಊರು ಕಾಣಲಿಲ್ಲ, ಅದರ ಮೇಲೆ ಮುಚ್ಚಿದ ಬೂದುಬಣ್ಣದ ಮುಚ್ಚಳವಷ್ಟೇ ಕಂಡಿತು. ಉಬ್ಬಸ ಇರುವವರು ಚಳಿಗಾಲ ಬಿಟ್ಟು ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳಿ. ಬೆಟ್ಟ ಅತ್ಯಂತ ಸ್ಪಷ್ಟವಾಗಿ ಕಾಣುವುದೂ, ಸೇಬು ಮಾರುಕಟ್ಟೆಗೆ ಬರುವುದೂ ಆಗಲೇ.

## ಊರಿನೊಳಗೆ

ಯಾವ ಏರಿಯಾದಲ್ಲಿ ರೂಮ್ ಮಾಡ್ಲಿ?

ಅಲ್ಮಾಟಿಯವರು ದಿಕ್ಕು ಹೇಳುವ ರೀತಿ ಮೊದಲು ತಿಳಿದುಕೊಳ್ಳಿ. ಅವರಿಗೆ ದಕ್ಷಿಣ ಅಂದರೆ 'ಮೇಲೆ', ಉತ್ತರ ಅಂದರೆ 'ಕೆಳಗೆ'. ಇಡೀ ಊರು ಬೆಟ್ಟದಿಂದ ಬಯಲಿಗೆ ಜಾರಿಕೊಂಡಿದೆ. 'ಘಟ್ಟದ ಮೇಲೆ, ಘಟ್ಟದ ಕೆಳಗೆ' ಎಂದು ಹೇಳಿಯೇ ಬೆಳೆದ ನಮ್ಮ ಕಡೆಯವರಿಗೆ ಇದು ಒಂದೇ ದಿನದಲ್ಲಿ ರೂಢಿಯಾಗುತ್ತದೆ. ರಸ್ತೆ ಪಕ್ಕದ ಸಣ್ಣ ಕಾಲುವೆಗಳನ್ನು ನೋಡಿ. ಅವಕ್ಕೆ ಅಲ್ಲಿ 'ಅರಿಕ್' ಅನ್ನುತ್ತಾರೆ. ಬೆಟ್ಟದ ನೀರು ಅದರಲ್ಲಿ ಯಾವ ಕಡೆಯಿಂದ ಬರುತ್ತಿದೆಯೋ ಅದು ದಕ್ಷಿಣ.

ಕೋಣೆಯನ್ನು ಪನ್ಫಿಲೋವ್ ಉದ್ಯಾನ ಮತ್ತು ಅಬಾಯ್ ರಸ್ತೆಯ ನಡುವೆ, ದೊಸ್ತಿಕ್ ರಸ್ತೆಗೆ ಹತ್ತಿರವಾಗಿ ಹಿಡಿಯಿರಿ. ಅಲ್ಲಿಂದ ಮಾರುಕಟ್ಟೆಗೂ ಮೆಟ್ರೊಗೂ ನಡೆದೇ ಹೋಗಬಹುದು, ಬೆಟ್ಟದ ಬಸ್ಸೂ ಹತ್ತಿರ. ಅಗ್ಗವೆಂದು ತೀರ 'ಕೆಳಗೆ' ಹಿಡಿದರೆ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ.

ನಮಗೆ ರಷ್ಯನ್ ಬರಲ್ಲ, ಬೋರ್ಡೂ ಓದೋಕಾಗಲ್ಲ. ಓಡಾಡೋದು ಹೇಗೆ?

ಫೋನ್ ಒಂದಿದ್ದರೆ ಸಾಕು. ಯಾಂಡೆಕ್ಸ್ ಗೋ ಎಂಬ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯಬಹುದು. ಎಲ್ಲಿಗೆ, ಎಷ್ಟು ಎಂದು ಮಾತಾಡುವ ಅಗತ್ಯವೇ ಬೀಳುವುದಿಲ್ಲ. ದಾರಿಗೆ, ಬಸ್ ನಂಬರಿಗೆ 2ಗಿಸ್ ಎಂಬ ನಕ್ಷೆಯ ಆ್ಯಪ್ ಬಳಸಿ. ಕಟ್ಟಡದ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನೂ ಅದು ತೋರಿಸುತ್ತದೆ. ಎರಡನ್ನೂ ಮನೆಯಲ್ಲೇ ಹಾಕಿಕೊಂಡು, ಅಲ್ಲಿ ಇಳಿದ ತಕ್ಷಣ ಸಿಮ್ ತೆಗೆದುಕೊಳ್ಳಿ.

ಮೊದಲ ಸಲ ನಾನು ಸಿಮ್ ಇಲ್ಲದೆ ಹೊರಬಂದು, ಬಾಗಿಲಲ್ಲಿ 'ಟ್ಯಾಕ್ಸಿ, ಟ್ಯಾಕ್ಸಿ' ಅಂದವರ ಗಾಡಿ ಹತ್ತಿದೆ. ಮೂರು ದಿನ ಬಿಟ್ಟು ಅದೇ ದೂರಕ್ಕೆ ಆ್ಯಪ್‌ನಲ್ಲಿ ಬಂದಾಗ ಅದರ ಕಾಲುಭಾಗವಷ್ಟೇ ಆಯಿತು.

ಮೆಟ್ರೊ 2011ರ ಡಿಸೆಂಬರಿನಲ್ಲಿ ಶುರುವಾದದ್ದು. ಒಂದೇ ಮಾರ್ಗವಾದರೂ ನಿಲ್ದಾಣಗಳನ್ನು ನೋಡಲೆಂದೇ ಒಂದು ಸುತ್ತು ಹೋಗಿಬನ್ನಿ. ಕಜಕ್ ಭಾಷೆಯಲ್ಲಿ 'ರಖ್ಮೆತ್' ಅಂದರೆ ಧನ್ಯವಾದ. ರಷ್ಯನ್‌ಗಿಂತ ಇದನ್ನು ಹೇಳಿದಾಗ ಎದುರಿನವರ ಮುಖ ಅರಳುತ್ತದೆ.

ದುಡ್ಡು ಹೇಗೆ ಒಯ್ಯೋದು? ಯುಪಿಐ ನಡೆಯುತ್ತಾ?

ಅಂಗಡಿಗಳಲ್ಲಿ ಯುಪಿಐ ನೆಚ್ಚಿಕೊಳ್ಳಬೇಡಿ. ಅಲ್ಲಿನವರು ಕಸ್ಪಿ ಎಂಬ ತಮ್ಮದೇ ಆ್ಯಪ್‌ನಲ್ಲಿ ಕೊಡುತ್ತಾರೆ, ಅದು ನಮಗೆ ಉಪಯೋಗಕ್ಕೆ ಬಾರದು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಹೆಚ್ಚಿನ ಕಡೆ ನಡೆಯುತ್ತದೆ. ಜೊತೆಗೆ ಮಡಿಕೆಯಿಲ್ಲದ ಡಾಲರ್ ನೋಟು ಸ್ವಲ್ಪ ಒಯ್ದು, ಊರಿನ ವಿನಿಮಯ ಅಂಗಡಿಯಲ್ಲಿ ಅಲ್ಲಿನ ಹಣವಾದ ತೆಂಗೆ ಮಾಡಿಸಿಕೊಳ್ಳಿ. ಒಂದು ರೂಪಾಯಿಗೆ ಸುಮಾರು ಐದಾರು ತೆಂಗೆ. ಬೆಲೆಯನ್ನು ಐದರಿಂದ ಭಾಗಿಸಿಕೊಂಡರೆ ಖರ್ಚು ತುಸು ಹೆಚ್ಚೇ ಕಾಣುತ್ತದೆ, ಲೆಕ್ಕ ತಪ್ಪುವುದಿಲ್ಲ.

ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಕುದುರೆ ಮಾಂಸ ತಿಂತಾರಂತಲ್ಲ, ನಮ್ಮ ಗತಿ?

ತಿನ್ನುತ್ತಾರೆ, ಅದು ಅವರ ಹಬ್ಬದ ಅಡುಗೆ. ಹುಲ್ಲುಗಾವಲಿನಲ್ಲಿ ಕುದುರೆ ಜೊತೆ ಅಲೆದ ಜನ. ಬೆಳೆ ಇಲ್ಲದ ಕಡೆ ಬದುಕಿದ್ದೇ ಹಾಗೆ. ಆದರೂ ನೀವು ಉಪವಾಸ ಇರಬೇಕಾಗಿಲ್ಲ.

ಎಚ್ಚರ ಬೇಕಾದ್ದು ಒಂದು ಕಡೆ. 'ಬೆಜ್ ಮ್ಯಾಸಾ', ಅಂದರೆ ಮಾಂಸ ಬೇಡ ಎಂದು ಹೇಳಿದರೆ ತುಂಡುಗಳನ್ನು ಬಿಟ್ಟು ಬಡಿಸುತ್ತಾರೆ, ಆದರೆ ಸಾರು ಮಾಂಸ ಬೇಯಿಸಿದ್ದೇ ಆಗಿರಬಹುದು. ಆದ್ದರಿಂದ ಸೂಪು, ಲಗ್ಮನ್ ಎಂಬ ನೂಡಲ್ಸ್, ಪ್ಲೋವ್ ಎಂಬ ಪುಲಾವ್ ಬಿಟ್ಟುಬಿಡಿ. ಧೈರ್ಯವಾಗಿ ಕೇಳಬಹುದಾದ್ದು ಕುಂಬಳಕಾಯಿ ತುಂಬಿದ ಸಮ್ಸಾ. ನಮ್ಮ ಸಮೋಸದ ದಾಯಾದಿ, ಒಲೆಯಲ್ಲಿ ಸುಟ್ಟದ್ದು. ಕುಂಬಳಕಾಯಿಗೆ 'ತಿಕ್ವಾ' ಅನ್ನುತ್ತಾರೆ. ಅದೇ ಹೂರಣದ ಮಂತಿ ಎಂಬ ಕಡುಬು ಹಬೆಯಲ್ಲಿ ಬೇಯಿಸಿದ್ದು; ಇವೆರಡರಲ್ಲೂ ಕೆಲವರು ಕೊಬ್ಬು ಸೇರಿಸುತ್ತಾರೆ, ಕೇಳಿಯೇ ತಿನ್ನಿ. ತಂದೂರಿನ ರೊಟ್ಟಿ, ಟೊಮೆಟೊ ಈರುಳ್ಳಿ ಕೋಸಂಬರಿ, ಮೊಸರು ಎಲ್ಲ ಕಡೆ ಇದೆ.

ಇನ್ನೊಂದು ಆಸರೆ ಹಸಿರು ಬಜಾರು ಎಂಬ ಊರಿನ ಮಾರುಕಟ್ಟೆಯ ಕೊರಿಯನ್ ಹೆಂಗಸರ ಅಂಗಡಿಗಳು. 1937ರಲ್ಲಿ ಸ್ಟಾಲಿನ್ ಆಡಳಿತ ರಷ್ಯಾದ ಪೂರ್ವದ ತುದಿಯಲ್ಲಿದ್ದ ಕೊರಿಯನ್ನರನ್ನು ರೈಲಿಗೆ ತುಂಬಿ ಇಲ್ಲಿಗೆ ಸಾಗಿಸಿತು. ಬೇಕಾದ ಎಲೆಕೋಸು ಸಿಗದೆ ಅವರು ಕ್ಯಾರೆಟ್ ಹೆರೆದು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಖಾರ, ವಿನಿಗರ್ ಹಾಕಿ ಹೊಸ ಪಲ್ಯವೊಂದನ್ನು ಕಟ್ಟಿಕೊಂಡರು. 'ಮೊರ್ಕೊವ್ಚಾ' ಎಂದು ಕೇಳಿ. ಖಾರಕ್ಕೆ ಹಂಬಲಿಸುವ ನಾಲಿಗೆಗೆ ಮೂರನೇ ದಿನ ಅದು ಅಮೃತ. ಪಕ್ಕದ ಅಂಗಡಿಯ 'ಕುರ್ತ್' ಕೂಡ ನೋಡಿ. ಮೊಸರನ್ನು ಹಿಂಡಿ ಉಪ್ಪು ಹಾಕಿ ಒಣಗಿಸಿದ ಉಂಡೆ, ಬಾಯಿಗಿಟ್ಟರೆ ನಮ್ಮ ಮಜ್ಜಿಗೆ ಮೆಣಸಿನಕಾಯಿಯ ಉಪ್ಪು-ಹುಳಿ ನೆನಪಾಗುತ್ತದೆ.

ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದು, ಅವಲಕ್ಕಿ, ಹುಳಿಪುಡಿ, ಚಟ್ನಿಪುಡಿ ಒಯ್ಯುವುದು ವಾಸಿ. ಭಾರತೀಯ ಹೋಟೆಲುಗಳೂ ಇವೆ, ಹೆಚ್ಚಾಗಿ ಉತ್ತರ ಭಾರತದ ಊಟ.

ಬೆಟ್ಟ ಬಿಟ್ಟು ಊರಲ್ಲಿ ನೋಡೋ ಅಂಥದ್ದು ಏನಿದೆ?

ಪನ್ಫಿಲೋವ್ ಉದ್ಯಾನದೊಳಗಿನ ಮರದ ಚರ್ಚು, ಜೆಂಕೋವ್ ಎಂಬ ಎಂಜಿನಿಯರ್ ಕಟ್ಟಿದ್ದು. ಇದು ಮುಗಿದದ್ದು 1907ರಲ್ಲಿ. ನಾಲ್ಕೇ ವರ್ಷಕ್ಕೆ, 1911ರಲ್ಲಿ, ದೊಡ್ಡ ಭೂಕಂಪವಾಗಿ ಊರಿನ ಕಟ್ಟಡಗಳು ಉರುಳಿದಾಗ ಇದು ಬಳುಕಿ ನಿಂತುಕೊಂಡಿತು. ಒಳಗೆ ಈಗಲೂ ಪೂಜೆ ನಡೆಯುತ್ತದೆ, ತಲೆಗೆ ಸೆರಗು ಹೊದ್ದು ಸದ್ದಿಲ್ಲದೆ ಹೋಗಿಬನ್ನಿ. ಉದ್ಯಾನಕ್ಕೆ ಅಂಟಿಕೊಂಡಂತೆ ಸೋವಿಯತ್ ಕಾಲದ ಅರಸನ್ ಸ್ನಾನಗೃಹ; ಬೆಟ್ಟದಿಂದ ಇಳಿದ ದಿನದ ಮೈಕೈ ನೋವಿಗೆ ಅಲ್ಲಿನ ಬಿಸಿಹಬೆಗಿಂತ ಮದ್ದಿಲ್ಲ. ಸಂಜೆ ಕೇಬಲ್ ಕಾರಿನಲ್ಲಿ ಕೋಕ್ ತೋಬೆ ಗುಡ್ಡ ಹತ್ತಿದರೆ ದೀಪ ಹಚ್ಚಿಕೊಳ್ಳುವ ಊರು ಕಾಣುತ್ತದೆ.

## ಬೆಟ್ಟದ ಕಡೆಗೆ

ಶಿಂಬುಲಾಕ್‌ಗೆ ಟೂರ್ ಬುಕ್ ಮಾಡಬೇಕಾ, ನಾವೇ ಹೋಗಬಹುದಾ?

ನೀವೇ ಹೋಗಿ. ದೊಸ್ತಿಕ್ ರಸ್ತೆಯಲ್ಲಿ ಹೋಟೆಲ್ ಕಜಕಸ್ತಾನ್ ಎಂಬ ಎತ್ತರದ ಕಟ್ಟಡವಿದೆ. ಅದರ ಹತ್ತಿರದಿಂದ 12ನೇ ನಂಬರ್ ಸಿಟಿ ಬಸ್ 1,691 ಮೀಟರ್ ಎತ್ತರದ ಮೆದೆಯು ಸ್ಕೇಟಿಂಗ್ ಅಂಗಳಕ್ಕೆ ಹೋಗುತ್ತದೆ. ಅಲ್ಲಿಂದ ನಾಲ್ಕೂವರೆ ಕಿಲೋಮೀಟರ್ ಉದ್ದದ ಕೇಬಲ್ ಕಾರ್ 2,260 ಮೀಟರಿನ ಶಿಂಬುಲಾಕ್ ಸ್ಕೀ ತಾಣ ಮುಟ್ಟಿಸುತ್ತದೆ. ಅದರ ಮೇಲೆ ಇನ್ನೆರಡು ಹಂತ ಹತ್ತಿದರೆ 3,200 ಮೀಟರಿನ ತಲ್ಗರ್ ಕಣಿವೆದಾರಿ.

ಟಿಕೆಟ್ ಕೊಳ್ಳುವ ಮೊದಲು ಕೊನೆಯ ಹಂತ ಓಡುತ್ತಿದೆಯೇ ಎಂದು ಕೇಳಿ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಹಿಮದಲ್ಲಿ ಆಡಲಷ್ಟೇ ಹೋಗುವವರಿಗೆ ಸ್ಕೀ ಪಾಸ್ ಬೇಡ. ಸ್ಕೀ ಕಲಿಯಬೇಕೆಂದರೆ ಸಲಕರಣೆ, ಬಟ್ಟೆ ಎಲ್ಲ ಬಾಡಿಗೆಗೆ ಸಿಗುತ್ತದೆ. ಮೊದಲ ದಿನ ಕಲಿಸುವವರನ್ನು ಇಟ್ಟುಕೊಳ್ಳಿ.

ಇಳಿದು ಬಂದಾಗ ಮೆದೆಯು ಮೇಲಿನ ಅಣೆಕಟ್ಟನ್ನು ಬಿಡಬೇಡಿ. ನೋಡಿದರೆ ಬರೀ ದಿಬ್ಬ. 1921ರಲ್ಲಿ ಬೆಟ್ಟದಿಂದ ನುಗ್ಗಿದ ಕೆಸರು-ಬಂಡೆಗಳ ಪ್ರವಾಹ ಊರಿನಲ್ಲಿ ಬಹಳ ಜನರನ್ನು ಕೊಂದಿತ್ತು. ಅದಕ್ಕೇ 1960ರ ದಶಕದಲ್ಲಿ ಬೆಟ್ಟದ ಬದಿಯನ್ನೇ ಸಿಡಿಸಿ ಕಣಿವೆಗೆ ಈ ಅಡ್ಡಗಟ್ಟೆ ಹಾಕಿದರು. 1973ರಲ್ಲಿ ಮತ್ತೆ ಅಂಥದ್ದೇ ಪ್ರವಾಹ ಬಂದಾಗ ಕೆಳಗಿನ ಊರು ಉಳಿದದ್ದು ಇದರಿಂದ. ಮೇಲೆ ಹತ್ತಲು 842 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿ ರೂಢಿಯಿದ್ದವರಿಗೆ ಕಷ್ಟವಲ್ಲ.

ನಮ್ಮಪ್ಪನಿಗೆ 68, ಮಂಡಿ ನೋವು, ಬಿಪಿ ಇದೆ. ಅಷ್ಟು ಎತ್ತರಕ್ಕೆ ಕರ್ಕೊಂಡು ಹೋಗಬಹುದಾ?

ಊರಿನ ಮಧ್ಯಭಾಗ ಬೆಂಗಳೂರಿಗಿಂತ ಎತ್ತರದಲ್ಲಿಲ್ಲ, ಅಲ್ಲಿ ಯೋಚನೆ ಇಲ್ಲ. ಯೋಚಿಸಬೇಕಾದ್ದು ಒಂದೆರಡು ಗಂಟೆಯೊಳಗೆ 3,200 ಮೀಟರಿಗೆ ಏರಿಬಿಡುವುದನ್ನು. ನಡೆಯಬೇಕಾದ್ದು ಕಡಿಮೆ, ಹಾಗಾಗಿ ಮಂಡಿಗಿಂತ ಉಸಿರಿನ ಕಡೆ ಗಮನ ಕೊಡಿ. ಹೊರಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ಒಪ್ಪಿದರೂ ಮೊದಲು 2,260 ಮೀಟರಿನಲ್ಲಿ ಇಳಿದು, ಚಹಾ ಕುಡಿದು, ಒಂದು ಗಂಟೆ ಕೂರಿಸಿ. ತಲೆನೋವು, ವಾಕರಿಕೆ ಏನೂ ಇಲ್ಲದಿದ್ದರೆ ಮಾತ್ರ ಮುಂದೆ. ಇದ್ದರೆ ಮಾತ್ರೆ ಹುಡುಕುತ್ತ ಕೂರದೆ ಕೆಳಗಿಳಿಸಿ. ನಮ್ಮ ಅತ್ತೆ ಆ ಎರಡನೇ ನಿಲ್ದಾಣದಲ್ಲೇ ಮೂರು ಗಂಟೆ ಬಿಸಿಲು ಕಾಯಿಸುತ್ತ ಕೂತಿದ್ದರು, ಇಡೀ ಪ್ರವಾಸದಲ್ಲಿ ಅವರಿಗೆ ಅತಿ ಹಿಡಿಸಿದ್ದು ಅದೇ. ಚಳಿಗಾಲದಲ್ಲಾದರೆ ಹಿಡಿತ ಇರುವ ಶೂ ಕೊಡಿಸಿ, ಪಾದಚಾರಿ ದಾರಿಯಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ.

ಚಾರಿನ್, ಕೊಲ್ಸಾಯ್, ಕೈಂಡಿ ಮೂರೂ ಒಂದೇ ದಿನದಲ್ಲಿ ತೋರಿಸ್ತೀವಿ ಅಂತಾರಲ್ಲ, ಹೋಗೋದಾ?

ಹೋಗಬೇಡಿ. ಚಾರಿನ್ ಕಮರಿ ಸುಮಾರು 200 ಕಿಲೋಮೀಟರ್, ಕೊಲ್ಸಾಯ್ ಮತ್ತು ಕೈಂಡಿ ಸರೋವರಗಳು 300 ಕಿಲೋಮೀಟರ್ ದೂರ. ಬೆಳಗಿನ ಜಾವ ಹತ್ತಿದ ಗಾಡಿ ಮಧ್ಯರಾತ್ರಿ ಹತ್ತಿರಕ್ಕೆ ಇಳಿಸುತ್ತದೆ. ಒಂದೊಂದು ಕಡೆ ಗಂಟೆ ಹೊತ್ತು, ಉಳಿದದ್ದೆಲ್ಲ ಸೀಟು.

ನಿಮ್ಮ ಹತ್ತಿರ ಒಂದೇ ದಿನ ಇದ್ದರೆ ಚಾರಿನ್ ಒಂದಕ್ಕೆ ಹೋಗಿ. ಕೆಂಪು ಮಣ್ಣಿನ ಕೋಟೆಗೋಡೆಗಳಂತಿರುವ ಆ ಕಣಿವೆಯಲ್ಲಿ ನಿಧಾನವಾಗಿ ನದಿಯವರೆಗೆ ನಡೆದು ಬನ್ನಿ. ಎರಡು ದಿನ ಇದ್ದರೆ ಸಾತಿ ಎಂಬ ಹಳ್ಳಿಯಲ್ಲಿ ಮನೆಯವರು ನಡೆಸುವ ತಂಗುದಾಣದಲ್ಲಿ ರಾತ್ರಿ ಇದ್ದು, ಬೆಳಿಗ್ಗೆ ಜನ ಬರುವ ಮುಂಚೆ ಕೈಂಡಿ ನೋಡಿ. ಮರದ ಚರ್ಚು ತಡೆದುಕೊಂಡ ಅದೇ 1911ರ ಭೂಕಂಪದಲ್ಲಿ ಗುಡ್ಡ ಕುಸಿದು ಹಳ್ಳಕ್ಕೆ ಅಡ್ಡ ಬಿತ್ತು, ನೀರು ನಿಂತು ಕೈಂಡಿ ಸರೋವರವಾಯಿತು. ಮುಳುಗಿದ ಸ್ಪ್ರೂಸ್ ಮರಗಳ ಕಾಂಡಗಳು ಇಂದಿಗೂ ನೀರಿನಿಂದ ಮೇಲೆ ನೆಟ್ಟಗೆ ನಿಂತಿವೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಸಿಗೆಗೆ ತಲೆಯೆತ್ತುವ ಬೋಳುಮರಗಳನ್ನು ಕಂಡವರಿಗೆ ಅಲ್ಲಿ ನಿಂತಾಗ ಮಾತು ಹೊರಡುವುದಿಲ್ಲ.

ದೊಡ್ಡ ಅಲ್ಮಾಟಿ ಸರೋವರ ಅಂತ ಫೋಟೊದಲ್ಲಿ ನೋಡ್ದೆ, ಅದು ಹತ್ತಿರಾನೇ ಅಲ್ವಾ?

ಹತ್ತಿರವೇ, 2,510 ಮೀಟರ್ ಎತ್ತರದಲ್ಲಿ. ಆದರೆ ಅದು ಊರಿನ ಕುಡಿಯುವ ನೀರಿನ ಆಸರೆ, ಕಿರ್ಗಿಸ್ತಾನದ ಗಡಿಗೂ ಸಮೀಪ. ದಡಕ್ಕೆ ಇಳಿಯುವಂತಿಲ್ಲ, ಗಾಡಿಗಳಿಗೂ ಆಗಾಗ ತಡೆ ಇರುತ್ತದೆ. ಹೋದರೂ ಪಾಸ್‌ಪೋರ್ಟ್ ಜೊತೆಗಿರಲಿ. ಮೊದಲ ಪ್ರವಾಸದಲ್ಲಿ ಇದನ್ನು ಬಿಟ್ಟರೆ ನಷ್ಟವಿಲ್ಲ.

## ಇನ್ನೂ ವಿವರ ಬೇಕಾದವರಿಗೆ

ಐದು ದಿನದ ಪ್ಲಾನ್ ದಿನದಿನಕ್ಕೆ ಬರೆದು ಕೊಡ್ತೀರಾ?

ಬರೆದು ಕೊಡುವುದಿಲ್ಲ, ಕಾರಣ ಹೇಳುತ್ತೇನೆ. ಅಕ್ಟೋಬರಿನಲ್ಲಿ ನಾವು ಶಿಂಬುಲಾಕ್‌ಗೆ ಶನಿವಾರ ಎಂದು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಂಡು ಹೋಗಿದ್ದೆವು. ಶುಕ್ರವಾರ ಆಕಾಶ ತೊಳೆದಿಟ್ಟ ಹಾಗಿತ್ತು, ನಾವು ಮ್ಯೂಸಿಯಂನಲ್ಲಿದ್ದೆವು. ಶನಿವಾರ ಮೇಲೆ ಹತ್ತಿದರೆ ಹತ್ತಡಿ ದೂರದ ಮನುಷ್ಯ ಕಾಣದಷ್ಟು ಮೋಡ.

ಎರಡನೇ ಸಲ ಬೇರೆ ಥರ ಮಾಡಿದೆವು. ಬೆಳಿಗ್ಗೆ ಏಳಕ್ಕೆ ಕಿಟಕಿಯಿಂದ ದಕ್ಷಿಣಕ್ಕೆ ನೋಡುವುದು. ಬೆಟ್ಟದ ತುದಿ ಕಂಡರೆ ಅಂದೇ ಮೇಲೆ, ಕಾಣದಿದ್ದರೆ ಬಜಾರು, ಚರ್ಚು, ಸ್ನಾನಗೃಹ. ಚಳಿಗಾಲದ ಹೊಗೆಯಲ್ಲಿ ಕಿಟಕಿ ನೆಚ್ಚುವಂತಿಲ್ಲ, ಶಿಂಬುಲಾಕ್‌ನವರ ಜಾಲತಾಣದ ಕ್ಯಾಮೆರಾ ನೋಡಿಕೊಳ್ಳಿ. ಬೆಟ್ಟ ಸಿಟಿ ಬಸ್ಸಿನ ದೂರದಲ್ಲಿರುವ ಊರಿಗೆ ಹೋಗುವುದರ ಲಾಭವೇ ಈ ಸ್ವಾತಂತ್ರ್ಯ. ಚಾರಿನ್‌ಗೆ ಮಾತ್ರ ಒಂದು ದಿನ ಮೊದಲೇ ಗೊತ್ತು ಮಾಡಿ. ಅದು ಒಣ ಸೀಮೆ, ಮೋಡದ ಕಾಟ ಕಡಿಮೆ.

ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ ಕಡೀತಾರಂತೆ, ಅದೇನು?

ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ನಿಮ್ಮಿಂದ ಮುಂಗಡವಾಗಿ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ವಜಾ ಹಾಕಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸು ಬರುತ್ತದೆ. ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ, ಕೊಳ್ಳುವಾಗ ಕೇಳಿ, ರಸೀದಿಯಲ್ಲಿ ನಿಮ್ಮ ಪ್ಯಾನ್ ನಂಬರ್ ಸರಿಯಿದೆಯೇ ನೋಡಿ. ಟಿಕೆಟ್, ಕೋಣೆ ಬೇರೆ ಬೇರೆಯಾಗಿ ನೀವೇ ಕೊಂಡರೆ ಅದು ಪ್ಯಾಕೇಜ್ ಅನ್ನಿಸಿಕೊಳ್ಳುವುದಿಲ್ಲ.

ನಂಗೆ 24, ಒಬ್ನೇ ಹೋಗ್ತಿದೀನಿ. ಇಮಿಗ್ರೇಷನ್‌ನಲ್ಲಿ ತೊಂದರೆ ಮಾಡ್ತಾರಾ?

ಒಬ್ಬಂಟಿ ಹುಡುಗರಿಗೆ ಎರಡೂ ಕಡೆ ನಾಲ್ಕು ಪ್ರಶ್ನೆ ಹೆಚ್ಚು ಬೀಳಬಹುದು. ವೀಸಾ ಬೇಡದ ದೇಶವೆಂದು ಹೋಗಿ ಅಲ್ಲೇ ಕೆಲಸಕ್ಕೆ ನಿಲ್ಲುವವರ ಬಗ್ಗೆ ಅಧಿಕಾರಿಗಳಿಗೆ ಅನುಮಾನ ಸಹಜ. ಹಿಂತಿರುಗುವ ಟಿಕೆಟ್, ಎಲ್ಲ ರಾತ್ರಿಗಳ ಕೋಣೆಯ ಬುಕಿಂಗ್, ವಿಮೆ, ಆಫೀಸಿನ ರಜೆ ಪತ್ರ ಕಾಗದದಲ್ಲೇ ಇಟ್ಟುಕೊಳ್ಳಿ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ.

ಬಿಷ್ಕೆಕ್ ಹತ್ತಿರ ಇದೆಯಂತೆ, ಅದನ್ನೂ ಸೇರಿಸಿಬಿಡ್ಲಾ?

ರಸ್ತೆಯಲ್ಲಿ ಸುಮಾರು 240 ಕಿಲೋಮೀಟರ್. ಆದರೆ ಕಿರ್ಗಿಸ್ತಾನಕ್ಕೆ ನಮಗೆ ಇ-ವೀಸಾ ಬೇಕು, ಗಡಿಯಲ್ಲಿ ಸಾಮಾನು ಹೊತ್ತು ನಡೆದು ದಾಟಬೇಕು. ಹೋಗಲು ಒಂದು ದಿನ, ಬರಲು ಒಂದು ದಿನ. ಎಂಟು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಬೇಡ.

ಸೇಬಿನ ಊರು ಅಂತಾರಲ್ಲ, ಮನೆಗೆ ಒಂದೆರಡು ಕೆಜಿ ತರಬಹುದಾ?

'ಅಲ್ಮಾ' ಅಂದರೆ ಕಜಕ್ ಭಾಷೆಯಲ್ಲಿ ಸೇಬು. ಜಗತ್ತಿನ ಎಲ್ಲ ತೋಟದ ಸೇಬಿನ ಮೂಲ ಈ ಬೆಟ್ಟಗಳ ಕಾಡುಸೇಬು. 1929ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ವಾವಿಲೋವ್ ಇಲ್ಲಿಗೆ ಬಂದು ಅದನ್ನು ಗುರುತಿಸಿದರು. ಆದರೆ ತಾಜಾ ಹಣ್ಣನ್ನು ಭಾರತದೊಳಕ್ಕೆ ತರಲು ರೋಗ-ಕೀಟ ಬಾರದಂತೆ ತಡೆಯುವ ಸಸ್ಯ ಕ್ವಾರಂಟೈನ್ ಪರವಾನಗಿ ಬೇಕು, ಪ್ರವಾಸಿಗರಿಗೆ ಅದು ಆಗದ ಮಾತು. ಮನೆಗೆ ಒಣದ್ರಾಕ್ಷಿ, ಚಾಕೊಲೇಟ್ ತನ್ನಿ. ಸೇಬನ್ನು ಅಲ್ಲೇ ತಿನ್ನಿ, ಅದೂ ಶರತ್ಕಾಲದಲ್ಲಿ ಹೋದರೆ 'ಅಪೋರ್ತ್' ಎಂದು ಹೆಸರು ಹೇಳಿ ಕೇಳಿ. ಒಂದೊಂದು ಹಣ್ಣು ಅರ್ಧ ಕಿಲೋವರೆಗೂ ತೂಗುತ್ತದೆ, ಒಂದು ಬದಿ ಕಡುಕೆಂಪು. ಹಸಿರು ಬಜಾರಿನ ಅಜ್ಜಿಯೊಬ್ಬರು ನಮಗೆ ಒಂದನ್ನು ನಾಲ್ಕು ಹೋಳು ಮಾಡಿ ಕೊಟ್ಟರು, ನಾಲ್ಕು ಜನ ತಿಂದೆವು, ಹೊಟ್ಟೆ ತುಂಬಿತು.